ತಲೆಗೊಂದು ಗಣಕಯಂತ್ರ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವನ್ನು ಏರುವವರು ಒಳಕಲ್ಲು ತೀರ್ಥದ ಬಳಿ ತುಸು ಹೊತ್ತು ನಿಲ್ಲುವುದುಂಟು. ಬಂಡೆಯಲ್ಲಿ ಒರಳಿನಂತಹ ಒಂದು ಕುಳಿ; ಅದರೊಳಗೆ ಕೈಯಿಳಿಸಿದರೆ ಕೆಲವರ ಬೆರಳಿಗೆ ನೀರು ತಾಗುತ್ತದೆ, ಕೆಲವರಿಗೆ ತಾಗುವುದಿಲ್ಲ. ನೀರು ಸಿಕ್ಕಿದವರು ಪುಣ್ಯವಂತರೆಂದು ಜನರ ನಂಬಿಕೆ. ನಂಬಿಕೆಯನ್ನು ಅದರ ಪಾಡಿಗೆ ಬಿಟ್ಟರೆ, ತೋಳಿನ ಉದ್ದವೆಷ್ಟು, ಆ ದಿನ ನೀರಿನ ಮಟ್ಟವೆಷ್ಟು ಎಂಬಿವೇ ಇಲ್ಲಿ ಅಳೆಯತಕ್ಕ ಸಂಗತಿಗಳು. ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೂ ಒಂದೊಂದು ಗಣಕಯಂತ್ರವನ್ನು ಕೊಡುವ ಯೋಜನೆಗಳ ವಿಷಯದಲ್ಲಿಯೂ ಹೀಗೆಯೇ. ಒಂದೇ ಬಗೆಯ ಯಂತ್ರದಿಂದ ಒಬ್ಬನು ಕಲಿಯುತ್ತಾನೆ, ಇನ್ನೊಬ್ಬನು ಕಲಿಯುವುದಿಲ್ಲ. ಹಣೆಯಬರಹವೆಂದು ಸುಮ್ಮನಾಗುವುದು ಸುಲಭ. ಅಳೆದು ನೋಡುವುದು ಕಷ್ಟ. ಅಳೆದು ನೋಡಿದವರೂ ಇದ್ದಾರೆ.

ನಮ್ಮ ನಾಡಿನಲ್ಲಿ ಈ ಪ್ರಶ್ನೆ ತೀವ್ರವಾದದ್ದು 2020ರಲ್ಲಿ, ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ. ಆ ವರ್ಷದ ಆಗಸ್ಟಿನಲ್ಲಿ ಕರ್ನಾಟಕ ಸರಕಾರವು ಆರಂಭಿಸಿದ 'ವಿದ್ಯಾಗಮ'ದಲ್ಲಿ ಉಪಾಧ್ಯಾಯರು ಮೊದಲು ಮಾಡಬೇಕಾದ ಕೆಲಸವೆಂದರೆ ಮಕ್ಕಳನ್ನು ವಿಂಗಡಿಸುವುದು: ಅಂತರಜಾಲವುಳ್ಳ ಫೋನು ಇರುವವರು, ಬರಿಯ ಫೋನು ಇರುವವರು, ಏನೂ ಇಲ್ಲದವರು. ಏನೂ ಇಲ್ಲದವರಿಗಾಗಿ ಗುರುಗಳೇ ಊರಿಗೆ ಹೋಗಿ ಗುಡಿಯ ಜಗಲಿಯಲ್ಲಿಯೋ ಮರದ ನೆರಳಿನಲ್ಲಿಯೋ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಮರುವರ್ಷ, 2021ರ ಜೂನಿನಲ್ಲಿ, ಸರಕಾರೀ ಪದವಿ, ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1,55,000 ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ಹಂಚುವ ಕಾರ್ಯ ಮೊದಲಾಯಿತು. ಯಂತ್ರವಿಲ್ಲದವನಿಗೆ ಯಂತ್ರ ಕೊಡಬೇಕಾದದ್ದು ನ್ಯಾಯವೇ. ಆದರೆ ಕೊಟ್ಟ ಮಾತ್ರಕ್ಕೆ ಕಲಿಕೆ ಹೆಚ್ಚುವುದೇ?

ಈ ಪ್ರಶ್ನೆಗೆ ದಕ್ಷಿಣ ಅಮೆರಿಕದ ಪೆರು ದೇಶ ಕೊಡುವ ಉತ್ತರ ಸಿಹಿಯಾದುದಲ್ಲ. 'ಮಗುವಿಗೊಂದು ಲ್ಯಾಪ್‌ಟಾಪ್' ಎಂಬ ಯೋಜನೆಯಲ್ಲಿ ಆ ದೇಶವು ಎಂಟು ಲಕ್ಷಕ್ಕೂ ಮಿಗಿಲಾಗಿ ಯಂತ್ರಗಳನ್ನು ಕೊಂಡಿತು. ಹಳ್ಳಿಗಾಡಿನ 319 ಶಾಲೆಗಳನ್ನು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರ ವರದಿ 2012ರಲ್ಲಿ ಹೊರಬಂದಿತು. ಯೋಜನೆಗೆ ಸೇರಿದ ಶಾಲೆಗಳಲ್ಲಿ ಒಬ್ಬ ವಿದ್ಯಾರ್ಥಿಗೆ 1.18 ಯಂತ್ರಗಳಿದ್ದವು, ಸೇರದ ಶಾಲೆಗಳಲ್ಲಿ 0.12. ಹೀಗಿದ್ದೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಎರಡು ಗುಂಪುಗಳಿಗೂ ಗಣನೀಯವಾದ ಅಂತರ ಕಾಣಲಿಲ್ಲ.

ಇದಕ್ಕೆ ಪ್ರತಿಯಾಗಿ ಗುಜರಾತಿನ ವಡೋದರವನ್ನು ನೋಡಬಹುದು. ಅಲ್ಲಿ 'ಪ್ರಥಮ್' ಸಂಸ್ಥೆಯವರು ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡೇ ಗಂಟೆ ಗಣಿತದ ಆಟಗಳನ್ನು ಆಡಿಸಿದರು. ಒಂದೊಂದು ಯಂತ್ರದ ಮುಂದೆ ಇಬ್ಬಿಬ್ಬರು ಮಕ್ಕಳು! ಆದರೂ ಗಣಿತದ ಅಂಕಗಳು ಸ್ಪಷ್ಟವಾಗಿ ಏರಿದವು. (ಪ್ರಯೋಗ ಮುಗಿದ ಒಂದು ವರ್ಷದ ಬಳಿಕ ಆ ಲಾಭದ ಬಹುಪಾಲು ಕರಗಿತ್ತೆಂಬುದನ್ನೂ ಹೇಳಬೇಕು. ಅಭ್ಯಾಸ ಬಿಟ್ಟ ಸಂಗೀತದಂತೆ ಇದೂ.) ಹಾಗಾದರೆ ಫಲವನ್ನು ನಿರ್ಣಯಿಸುವುದು ಯಂತ್ರಗಳ ಸಂಖ್ಯೆಯಲ್ಲ. ಮತ್ತೇನು?

ದೆಹಲಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಇದರ ಸುಳಿವಿದೆ. ಅಲ್ಲಿ ಪರೀಕ್ಷಿಸಲಾದ ಆರನೆಯ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಗಳಷ್ಟು ಹಿಂದಿದ್ದರು. ಒಂಬತ್ತನೆಯ ತರಗತಿಯವರು ನಾಲ್ಕೂವರೆ ತರಗತಿಗಳಷ್ಟು. ಉಪಾಧ್ಯಾಯರು ಪಠ್ಯಪುಸ್ತಕದಂತೆ ಮುಂದೆ ಸಾಗಿದಷ್ಟೂ ಮಗು ಹಿಂದುಳಿಯುತ್ತಿತ್ತು. 'ಮೈಂಡ್‌ಸ್ಪಾರ್ಕ್' ಎಂಬ ಕ್ರಮವಿಧಿಯು ಮಗುವಿನ ತರಗತಿಯನ್ನು ಬದಿಗಿಟ್ಟು ಅದರ ನಿಜವಾದ ಮಟ್ಟವನ್ನು ಕಂಡುಕೊಂಡು, ಅಲ್ಲಿಂದ ಪ್ರಶ್ನೆಗಳನ್ನು ಕೇಳುತ್ತಿತ್ತು. ಅರ್ಧ ವೇಳೆ ಗಣಕದ ಮುಂದೆ, ಉಳಿದರ್ಧ ಸಹಾಯಕ ಶಿಕ್ಷಕರೊಡನೆ ಸಣ್ಣ ಗುಂಪಿನಲ್ಲಿ. ನಾಲ್ಕೂವರೆ ತಿಂಗಳುಗಳಲ್ಲಿ, ಚೀಟಿಯೆತ್ತಿ ಆರಿಸಿದ ಆ ಮಕ್ಕಳು ಗಣಿತದಲ್ಲಿ ಉಳಿದವರ ಎರಡರಷ್ಟಕ್ಕೂ ಮೀರಿ ಮುಂದುವರಿದಿದ್ದರು.

ಯಂತ್ರವು ಮಟ್ಟವನ್ನು ಕಂಡುಕೊಳ್ಳುವುದು ಹೇಗೆ? ವಿದ್ಯಾರ್ಥಿಯು 52ರಿಂದ 38ನ್ನು ಕಳೆದು 26 ಎಂದು ಬರೆದನೆನ್ನೋಣ. ಸರಿಯುತ್ತರ 14. ಆದರೆ ಈ 26 ಸುಮ್ಮನೆ ಹುಟ್ಟಿದ್ದಲ್ಲ. ದಶಕವನ್ನು ಎರವಲು ತರುವುದು ತಿಳಿಯದ ಹುಡುಗನು ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾನೆ. 71ರಿಂದ 45ನ್ನು ಕಳೆದು 34 ಎಂದನೆಂದರೆ ಸಂದೇಹ ದೃಢವಾಯಿತು. ಯಂತ್ರವು ಈತನನ್ನು ಸ್ಥಾನಬೆಲೆಯ ಪಾಠಕ್ಕೆ ಹಿಂದಿರುಗಿಸುತ್ತದೆ. ಜೊತೆಗೆ ಇದೇ ತಪ್ಪು ಮಾಡಿದವರು ತರಗತಿಯಲ್ಲಿ ಒಂಬತ್ತು ಮಂದಿ ಎಂದು ಉಪಾಧ್ಯಾಯರಿಗೆ ಪಟ್ಟಿ ಕೊಡಬಲ್ಲದು. ಆ ಒಂಬತ್ತು ಮಂದಿಯನ್ನು ಕರಿಹಲಗೆಯ ಬಳಿಗೆ ಕರೆದು ಕಡ್ಡಿಯ ಕಟ್ಟುಗಳನ್ನು ಬಿಚ್ಚಿ ತೋರಿಸುವುದು ಯಂತ್ರದ ಕೆಲಸವಲ್ಲ. ಪಟ್ಟಿಯನ್ನು ಓದುವ ಅಭ್ಯಾಸವಿಲ್ಲದ ಗುರುಗಳ ಕೈಯಲ್ಲಿ ಈ ಸಾಧನದ ಅರ್ಧ ಬೆಲೆ ಪೋಲಾಗುತ್ತದೆಂದು ನನ್ನ ಅಭಿಪ್ರಾಯ. ಮಗುವು ಕನ್ನಡದಲ್ಲಿ ಓದುವುದಾದರೆ ಪ್ರಶ್ನೆಗಳೂ ಕನ್ನಡದಲ್ಲಿಯೇ ಇರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಸ್ವಲ್ಪ ಭೌತಶಾಸ್ತ್ರ. ಶಿವಗಂಗೆಯ ಬುಡದಲ್ಲಿ ನಲವತ್ತು ಮಕ್ಕಳ ಒಂದು ತರಗತಿಯನ್ನು ಊಹಿಸಿಕೊಳ್ಳಿ. ಒಂದೊಂದು ಲ್ಯಾಪ್‌ಟಾಪಿನ ಬ್ಯಾಟರಿಗೆ ವಿದ್ಯುತ್ತನ್ನು ತುಂಬಲು 45 ವಾಟುಗಳೆಂದರೆ ಒಟ್ಟು 1,800 ವಾಟು. 230 ವೋಲ್ಟುಗಳಲ್ಲಿ ಸುಮಾರು ಎಂಟು ಆಂಪಿಯರು. ಗೋಡೆಯ ಸಾಧಾರಣ ಸಾಕೆಟ್ಟು ಆರು ಆಂಪಿಯರುಗಳದು. ಎಲ್ಲವನ್ನೂ ಒಂದೇ ಕಡೆ ಜೋಡಿಸಿದರೆ ತಂತಿ ಬಿಸಿಯಾಗುವುದು. ಹತ್ತು ಹತ್ತರಂತೆ ಸರದಿಯಿಟ್ಟರೆ ಎರಡು ಆಂಪಿಯರುಗಳಲ್ಲಿ ಕೆಲಸ ಮುಗಿಯುತ್ತದೆ.

ಅಂತರಜಾಲದ ಲೆಕ್ಕವೂ ಇಂತಹುದೇ. ಒಂದು ಪಾಠ 50 ಮೆಗಾಬೈಟು, ಅಂದರೆ 400 ಮೆಗಾಬಿಟ್ಟುಗಳು. ಶಾಲೆಯ ಸಂಪರ್ಕ ಸೆಕೆಂಡಿಗೆ 10 ಮೆಗಾಬಿಟ್ಟಾದರೆ ನಲವತ್ತು ಮಂದಿಯೂ ಅದನ್ನು ಬೇರೆ ಬೇರೆಯಾಗಿ ತರಿಸಿಕೊಳ್ಳಲು 1,600 ಸೆಕೆಂಡುಗಳು ಬೇಕು. ತರಗತಿಯ ಅರ್ಧಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ಹೋಯಿತು. ಶಾಲೆಯಲ್ಲಿಯೇ ಒಂದು ಸಂಗ್ರಹಯಂತ್ರವಿದ್ದರೆ ಪಾಠವನ್ನು 40 ಸೆಕೆಂಡುಗಳಲ್ಲಿ ಒಮ್ಮೆ ತರಿಸಿ, ಒಳಗಿನಿಂದಲೇ ಹಂಚಬಹುದು. ಬೆಟ್ಟದ ಮರೆಯಲ್ಲಿರುವ ಶಾಲೆಗೆ ಇದು ಇನ್ನೂ ಅವಶ್ಯಕ. ಫೋನಿನ ಅಲೆಗಳ ಉದ್ದ ಕೆಲವು ಅಂಗುಲಗಳು ಮಾತ್ರ: 2,300 ಮೆಗಾಹರ್ಟ್ಸಿನಲ್ಲಿ 13 ಸೆಂಟಿಮೀಟರು, 800ರಲ್ಲಿ 37. ಉದ್ದನೆಯ ಅಲೆಯು ಅಡ್ಡಿಯ ಅಂಚನ್ನು ಬಳಸಿ ತುಸು ಹೆಚ್ಚು ಬಾಗುವುದು ನಿಜ. ಆದರೂ ಗೋಪುರಕ್ಕೂ ಶಾಲೆಗೂ ನಡುವೆ ಇಡೀ ಬೆಣಚುಗಲ್ಲಿನ ಬೆಟ್ಟವೇ ನಿಂತಿದ್ದರೆ ಎರಡಕ್ಕೂ ನೆರಳೇ ಗತಿ.

ಕಡೆಗೆ ದುರಸ್ತಿ. ಮಳೆಗೆ ನೆನೆಯುವ, ಕೈತಪ್ಪಿ ಬೀಳುವ, ತಂತಿ ಕಿತ್ತುಹೋಗುವ ವಸ್ತುಗಳಿವು. ನಲವತ್ತು ಮಕ್ಕಳಿಗೆ ನಲವತ್ತೇ ಯಂತ್ರಗಳನ್ನು ಕೊಳ್ಳುವ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಒಬ್ಬ ಹುಡುಗಿಯ ಯಂತ್ರವು ಬೆಂಗಳೂರಿಗೋ ತುಮಕೂರಿಗೋ ದುರಸ್ತಿಗೆ ಹೋಗಿ ಮರಳುವವರೆಗೆ ಅವಳ ಕೈಗೆ ಕೊಡಲು ಶಾಲೆಯ ಬೀರುವಿನಲ್ಲಿ ಇನ್ನೂ ಎರಡು ಮೂರು ಯಂತ್ರಗಳು ಸಿದ್ಧವಾಗಿರಬೇಕು.