ಎಂಜಿನ್ನಿನ ಸಿಲಿಂಡರ್ ಹೆಡ್ಡನ್ನು ಮನೆಯಲ್ಲಿಯೇ ಬಿಚ್ಚುವ ಕ್ರಮ

ಬಾವಿಯಿಂದ ನೀರೆತ್ತುವ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನು ಬಲಗುಂದಿದಾಗ, ಅಥವಾ ಅದರ ಎಣ್ಣೆಯು ನೀರು ಬೆರೆತು ಹಾಲಿನಂತಾದಾಗ, ಹೆಡ್ಡನ್ನು ಬಿಚ್ಚಿ ನೋಡುವುದು ಅವಶ್ಯವು. ಆತುರದಿಂದ ಬಿಚ್ಚಿದಲ್ಲಿ ಹೆಡ್ಡು ಸೊಟ್ಟಗಾಗಿ, ಬೆಳೆಗೆ ನೀರು ಬೇಕಾದ ವೇಳೆಯಲ್ಲಿಯೇ ಎಂಜಿನ್ನು ನಿಂತುಹೋಗುವುದು. ಆದಕಾರಣ ಆಳುಗಳಿಗೆ ಈ ಕೆಲಸವನ್ನೊಪ್ಪಿಸುವ ಯಜಮಾನರು ತಾವೇ ಎದುರಿಗಿರುವುದು ಲೇಸು.

ಎಂಜಿನ್ನು ಪೂರ್ಣವಾಗಿ ಆರುವ ವರೆಗೆ ಯಾವ ನಟ್ಟನ್ನೂ ಮುಟ್ಟಕೂಡದು. ಬಳಿಕ ತಂಪಿನ ನೀರನ್ನು ಬಸಿದು, ಹೊಗೆಯ ಕೊಳವೆಯನ್ನೂ ಡೀಸೆಲ್ ನಳಿಗೆಯನ್ನೂ ಕಳಚಿ, ನಳಿಗೆಯ ಬಾಯಿಗೆ ಶುಭ್ರವಾದ ಬಟ್ಟೆಯನ್ನು ಕಟ್ಟತಕ್ಕದ್ದು. ಧೂಳು ಒಳಹೊಕ್ಕರೆ ಇಂಜೆಕ್ಟರು ಕೆಡುವುದು. ಹೆಡ್ಡಿನ ನಟ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚದೆ, ಎದುರುಬದುರಿನವುಗಳನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಹೆಡ್ಡು ಕಚ್ಚಿಕೊಂಡಿದ್ದರೆ ಮರದ ಕೊಡತಿಯಿಂದ ಮೆಲ್ಲಗೆ ಬಡಿಯತಕ್ಕದ್ದೇ ಹೊರತು, ಸಂದಿಗೆ ಉಳಿಯನ್ನು ತೂರಿಸಕೂಡದು. ಉಳಿಯು ಮಾಡಿದ ಗಾಯವನ್ನು ಹೊಸ ಗ್ಯಾಸ್ಕೆಟ್ಟು ಮುಚ್ಚಲಾರದು.

ಗಾಳಿಯ ವಾಲ್ವು, ಹೊಗೆಯ ವಾಲ್ವು ಇವೆರಡಕ್ಕೂ ಗುರುತು ಮಾಡಿ, ಆಯಾ ಸ್ಥಾನದಲ್ಲಿಯೇ ಮರಳಿ ಕೂಡಿಸಬೇಕು. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರಬಹುದಾದುದರಿಂದ ಅದನ್ನು ಒಣಗಿದಂತೆಯೇ ಕೆರೆಯದೆ, ನೀರಿನಿಂದ ನೆನೆಸಿ ತೆಗೆಯತಕ್ಕದ್ದು. ಆ ಧೂಳು ಶ್ವಾಸಕೋಶಕ್ಕೆ ಬಹಳ ಅಪಾಯಕರವು. ಕಡೆಗೆ, ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ತಳಕ್ಕೆ ಅಡ್ಡಲಾಗಿ ಹಿಡಿದಾಗ ನಡುವೆ ಬೆಳಕು ಕಂಡಲ್ಲಿ, ಅದನ್ನು ಸಮ ಮಾಡಿಸಲು ಕಾರ್ಖಾನೆಗೆ ಕಳುಹಿಸದೆ ಗತ್ಯಂತರವಿಲ್ಲ.