ಜೀಪಿನಲ್ಲಿ ಕೋವಿ : ಜೊತೆಗೆ ಯಾರು, ಯಾವ ಕಾಗದ?

ಗೊಬ್ಬರ, ಸುಣ್ಣ, ಮೈಲುತುತ್ತದ ಲೆಕ್ಕ ಮುಗಿಸಿ ಹೊರಟ ಸದಸ್ಯರು ಸಂಘದ ಕಚೇರಿಯ ಬಾಗಿಲ ಬಳಿ ನಿಂತು ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳುವುದುಂಟು. “ಸೆಕ್ರೆಟರಿಗಳೇ, ಕೋವಿ ರಿಪೇರಿಗೆ ಕೊಡಬೇಕಿತ್ತು. ನನಗೆ ಮಂಡಿನೋವು, ಹೋಗಲಿಕ್ಕಾಗುವುದಿಲ್ಲ. ನಮ್ಮ ರೈಟರ ಕೈಲಿ ಜೀಪಿನಲ್ಲಿ ಕಳಿಸಿದರೆ ಏನಾದರೂ ತೊಂದರೆ ಉಂಟಾ?” ಇನ್ನೊಬ್ಬರ ಪ್ರಶ್ನೆ ಇದಕ್ಕಿಂತ ಕಷ್ಟದ್ದು. “ಅಪ್ಪ ಹೋಗಿ ಮೂರು ತಿಂಗಳಾಯಿತು. ಅವರ ಕೋವಿ ಮನೆಯಲ್ಲೇ ಇದೆ. ಠಾಣೆಗೆ ಒಪ್ಪಿಸಬೇಕಂತೆ. ಲೈಸೆನ್ಸು ನನ್ನ ಹೆಸರಿನಲ್ಲಿಲ್ಲ. ಒಯ್ಯುವುದು ಹೇಗೆ ಮಾರಾಯ್ರೇ?”

ಬಹಳ ಕಾಲ ಇಂಥ ಪ್ರಶ್ನೆಗಳಿಗೆ ನಾವು ಕೊಡುತ್ತಿದ್ದ ಉತ್ತರ ಅಂದಾಜಿನದು. ಅದು ಎಷ್ಟು ತಪ್ಪು ಎಂಬುದು ನಮ್ಮ ಮೈಮೇಲೆಯೇ ಬಂದಾಗ ತಿಳಿಯಿತು. ನಮ್ಮ ಪೆದ್ದುತನವನ್ನು ಮೊದಲು ಹೇಳಿ, ಆಮೇಲೆ ಕಾನೂನಿನ ವಿಷಯಕ್ಕೆ ಬರುತ್ತೇವೆ.

ನಮ್ಮ ತಂದೆಯವರು ತೀರಿಕೊಂಡದ್ದು ಒಂದು ಆಷಾಢದಲ್ಲಿ. ಅವರ ಜೋಡುನಳಿಗೆಯ ಕೋವಿ ಮಲಗುವ ಕೋಣೆಯ ಬಾಗಿಲ ಹಿಂದೆ ಎಂದಿನಂತೆ ತೂಗುತ್ತಿತ್ತು. ಕಾರ್ಯಗಳೆಲ್ಲ ಮುಗಿದ ಮೇಲೆ ತಾಯಿಯವರು, “ಅದನ್ನು ನೋಡಿದರೆ ಸಂಕಟವಾಗುತ್ತದೆ, ಎಲ್ಲಿಗಾದರೂ ಒಪ್ಪಿಸಿ ಬಾ” ಎಂದರು. ಹೇಗೂ ಪೇಟೆಗೆ ನಾಲ್ಕು ಮೂಟೆ ಮೆಣಸು ಒಯ್ಯುವುದಿತ್ತು. ಆಳುಗಳ ಕಣ್ಣಿಗೆ ಬೀಳುವುದು ಬೇಡವೆಂದು ಕೋವಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಮೂಟೆಗಳ ಅಡಿಯಲ್ಲಿಟ್ಟೆವು. ತೋಟಾಗಳ ಪೊಟ್ಟಣವನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟೆವು. ಲೈಸೆನ್ಸಿನ ಪುಸ್ತಕವನ್ನು ಮನೆಯಲ್ಲೇ ಬಿಟ್ಟೆವು. ಯಜಮಾನರೇ ಇಲ್ಲದ ಮೇಲೆ ಅವರ ಪುಸ್ತಕವೇಕೆ ಎಂಬುದು ನಮ್ಮ ತರ್ಕ. ಹತ್ತಿರದ ಠಾಣೆಯನ್ನು ದಾಟಿ ಮುಂದೆ ಹೋದೆವು. ಮೆಣಸು ಮಾರಿ, ಬ್ಯಾಂಕಿನ ಕೆಲಸ ಮುಗಿಸಿ, ಸಂಜೆ ಪೇಟೆಯ ಠಾಣೆಗೆ ಕೊಟ್ಟರಾಯಿತು ಎಂದು.

ದಾರಿಯಲ್ಲಿ ಪೊಲೀಸರು ವಾಹನಗಳನ್ನು ತಪಾಸಣೆ ಮಾಡುತ್ತಿದ್ದರು.

“ಮೂಟೆಯ ಕೆಳಗೆ ಏನು?”

“ಕೋವಿ.”

“ಲೈಸೆನ್ಸು?”

“ತಂದೆಯವರದು.”

“ತಂದೆಯವರೆಲ್ಲಿ?”

“ತೀರಿಕೊಂಡರು.”

ಅನಂತರ ನಡೆದುದನ್ನು ಓದುಗರು ಊಹಿಸಬಹುದು. ಮಗ ಬೈಕಿನಲ್ಲಿ ಲೈಸೆನ್ಸಿನ ಪುಸ್ತಕವನ್ನೂ ಮರಣ ಪ್ರಮಾಣಪತ್ರವನ್ನೂ ತಂದು ತಲುಪಿಸುವವರೆಗೆ ನಾವು ಠಾಣೆಯ ಬೆಂಚಿನ ಮೇಲಿದ್ದೆವು. ಹೇಳಿಕೆ ಬರೆಸಿಕೊಂಡು ರಸೀದಿ ಕೊಟ್ಟು ಕಳಿಸುವಾಗ ಸಬ್ ಇನ್‌ಸ್ಪೆಕ್ಟರು ಒಂದು ಮಾತು ಹೇಳಿದರು: “ನೀವು ಕದ್ದವರಲ್ಲ ಎಂದು ನನಗೆ ಗೊತ್ತು. ಆದರೆ ಕದ್ದವರೂ ಹೀಗೆಯೇ ಒಯ್ಯುತ್ತಾರೆ.” ಆ ಮಾತಿನಲ್ಲಿ ಇಡೀ ಕಾನೂನಿನ ತಿರುಳಿದೆ ಎಂಬುದು ಪುಸ್ತಕ ತೆಗೆದು ಓದಿದಾಗ ನಮಗೆ ಅರ್ಥವಾಯಿತು.

ಕಾನೂನು ಹೇಳುವುದೇನು?

ನಮಗೆ ಅನ್ವಯಿಸುವುದು 1959ರ ಶಸ್ತ್ರಾಸ್ತ್ರ ಅಧಿನಿಯಮ. ಇದು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದರಡಿಯ ಈಗಿನ ನಿಯಮಗಳು 2016ರವು. 2019ರ ತಿದ್ದುಪಡಿಯಿಂದ ಒಬ್ಬರಿಗೆ ಇರಬಹುದಾದ ಕೋವಿಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು.

ಅಧಿನಿಯಮದ 3ನೇ ಕಲಮಿನ ಪ್ರಕಾರ ಲೈಸೆನ್ಸಿಲ್ಲದೆ ಕೋವಿಯನ್ನು ಇಟ್ಟುಕೊಳ್ಳುವುದಷ್ಟೇ ಅಲ್ಲ, ಒಯ್ಯುವುದೂ ಅಪರಾಧ. 2019ರ ನಂತರ ಇದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ. ಆದರೆ ಅದೇ ಕಲಮಿಗೆ ಒಂದು ವಿನಾಯಿತಿ ಇದೆ. ನಮ್ಮ ಬೆಳೆಗಾರರಲ್ಲಿ ಅನೇಕರಿಗೆ ಇದು ತಿಳಿದಿಲ್ಲ. ಲೈಸೆನ್ಸುದಾರನ ಸಮಕ್ಷಮದಲ್ಲಿ, ಇಲ್ಲವೇ ಅವನು ಬರೆದುಕೊಟ್ಟ ಅಧಿಕಾರ ಪತ್ರದ ಮೇರೆಗೆ, ಸ್ವತಃ ಲೈಸೆನ್ಸಿಲ್ಲದವನೂ ಕೋವಿಯನ್ನು ಒಯ್ಯಬಹುದು. ಉದ್ದೇಶಗಳು ಮಾತ್ರ ಮೂರೇ: ರಿಪೇರಿ, ಲೈಸೆನ್ಸಿನ ನವೀಕರಣ, ಮತ್ತು ಲೈಸೆನ್ಸುದಾರನ ಸ್ವಂತ ಉಪಯೋಗ.

19ನೇ ಕಲಮಿನ ಮೇರೆಗೆ ಕೋವಿ ಹಿಡಿದ ಯಾರನ್ನಾದರೂ ಪೊಲೀಸರು ಲೈಸೆನ್ಸು ತೋರಿಸೆಂದು ಕೇಳಬಹುದು. ತೋರಿಸದಿದ್ದರೆ ಕೋವಿಯನ್ನು ವಶಪಡಿಸಿಕೊಳ್ಳಬಹುದು. 20ನೇ ಕಲಮು ಇನ್ನೂ ಗಮನಾರ್ಹ. ಲೈಸೆನ್ಸು ಇರಲಿ ಇಲ್ಲದಿರಲಿ, ಕೋವಿಯನ್ನು ಒಯ್ಯುವ ರೀತಿ ಅಕ್ರಮ ಉದ್ದೇಶದ ಸಂಶಯ ಹುಟ್ಟಿಸುವಂತಿದ್ದರೆ ವಾರಂಟ್ ಇಲ್ಲದೆ ದಸ್ತಗಿರಿ ಮಾಡಬಹುದು. ಮೆಣಸಿನ ಮೂಟೆಯ ಅಡಿಯಲ್ಲಿ ಕೋವಿಯಿಟ್ಟ ನಮಗೆ ಈ ಕಲಮನ್ನು ಓದುವಾಗ ಬೆವರು ಬಂದದ್ದು ನಿಜ.

ಮೂರು ಸಂದರ್ಭಗಳು

ಮೊದಲನೆಯದು, ಲೈಸೆನ್ಸುದಾರರೇ ತಮ್ಮ ಕೋವಿಯನ್ನು ಒಯ್ಯುವುದು. ಇಲ್ಲಿ ತೊಡಕು ಕಡಿಮೆ. ಆದರೆ ಲೈಸೆನ್ಸಿನಲ್ಲಿ ಅದು ಎಲ್ಲಿಯವರೆಗೆ ಸಿಂಧು ಎಂದು ಬರೆದಿರುವ ಸಾಲನ್ನು ಒಮ್ಮೆ ಓದಿರಿ. ಜಿಲ್ಲೆಗೆ ಮಾತ್ರ ಸೀಮಿತವಾಗಿದ್ದರೆ, ಚಾರ್ಮಾಡಿ ಘಾಟಿ ಇಳಿದು ದಕ್ಷಿಣ ಕನ್ನಡಕ್ಕೆ ಹೋದಾಗ, ಅಥವಾ ಬೇಲೂರು, ಸಕಲೇಶಪುರದ ಕಡೆ ಹಾಸನ ಜಿಲ್ಲೆಗೆ ಕಾಲಿಟ್ಟಾಗ, ತಮ್ಮ ಕೈಲಿರುವ ಲೈಸೆನ್ಸು ತಮ್ಮನ್ನು ಕಾಯುವುದಿಲ್ಲ. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸಿನವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಆ ಕೋವಿ ಇರುವುದು ತೋಟ ಕಾಯಲಿಕ್ಕೆ, ಊರೂರು ತಿರುಗಲಿಕ್ಕಲ್ಲ. ಯುಐಎನ್ ಸಂಖ್ಯೆ ಇಲ್ಲದ ಹಳೆಯ ಲೈಸೆನ್ಸುಗಳಿಗೆ ಈಗ ಮಾನ್ಯತೆ ಇಲ್ಲ ಎಂಬುದೂ ನೆನಪಿರಲಿ.

ಎರಡನೆಯದು, ರೈಟರು, ಡ್ರೈವರು ಅಥವಾ ಮಗ ಒಯ್ಯುವುದು. ಲೈಸೆನ್ಸುದಾರರು ಜೀಪಿನಲ್ಲಿಯೇ ಕುಳಿತಿದ್ದರೆ ಪತ್ರ ಬೇಕಿಲ್ಲ. ಇಲ್ಲದಿದ್ದರೆ ಪತ್ರವಿಲ್ಲದೆ ಕೋವಿಯನ್ನು ಗೇಟು ದಾಟಿಸಬೇಡಿರಿ. “ನಮ್ಮ ರೈಟರನ್ನು ಎಲ್ಲರೂ ಬಲ್ಲರು” ಎನ್ನುವುದು ಅಧಿಕಾರ ಪತ್ರವಲ್ಲ. ಸಿಕ್ಕಿಬಿದ್ದರೆ ಕೇಸು ಆಗುವುದು ಸಾಹುಕಾರರ ಮೇಲೆ ಮಾತ್ರವಲ್ಲ, ಹೇಳಿದ ಕೆಲಸ ಮಾಡಲು ಹೋದ ಆ ಬಡವನ ಮೇಲೆ. ಇದನ್ನು ನಾವೆಲ್ಲರೂ ಮನಸ್ಸಿಗೆ ತಂದುಕೊಳ್ಳಬೇಕು. ಪತ್ರವು ಹೀಗಿದ್ದರೆ ಸಾಕು:

“ನನ್ನ ಹೆಸರಿನ ........ ಸಂಖ್ಯೆಯ ಲೈಸೆನ್ಸಿನಲ್ಲಿ ನಮೂದಾಗಿರುವ ........ ನಂಬರಿನ ಕೋವಿಯನ್ನು ರಿಪೇರಿಗಾಗಿ ........ ಊರಿನ ಲೈಸೆನ್ಸ್ ಪಡೆದ ಕೋವಿ ಅಂಗಡಿಗೆ ಒಯ್ಯಲು ನಮ್ಮ ತೋಟದ ರೈಟರ್ ಶ್ರೀ ........ ಇವರಿಗೆ 1959ರ ಶಸ್ತ್ರಾಸ್ತ್ರ ಅಧಿನಿಯಮದ 3ನೇ ಕಲಮಿನ ಮೇರೆಗೆ ಅಧಿಕಾರ ಕೊಟ್ಟಿರುತ್ತೇನೆ. ವಾಹನ ಸಂಖ್ಯೆ ........ ದಿನಾಂಕ ........ ಈ ಒಂದು ದಿನಕ್ಕೆ ಮಾತ್ರ. ತೋಟಾಗಳನ್ನು ಕಳುಹಿಸಿರುವುದಿಲ್ಲ. ಸಹಿ ........ ದೂರವಾಣಿ ........”

ಇದರ ಜೊತೆಗೆ ಲೈಸೆನ್ಸಿನ ಮೂಲಪ್ರತಿಯೂ ಒಯ್ಯುವವನ ಗುರುತಿನ ಚೀಟಿಯೂ ಇರಲಿ. ಈ ಪತ್ರ ಮೇಲೆ ಹೇಳಿದ ಮೂರು ಉದ್ದೇಶಗಳಿಗೆ ಮಾತ್ರ. ನೆಂಟರ ಮನೆಯ ಮದುವೆಗೆ ಕೋವಿ ಕಳಿಸಲು ಇದು ಬಾರದು. ಮದುವೆ, ಉತ್ಸವಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಜನರ ಸುರಕ್ಷತೆಗೆ ಅಪಾಯ ತಂದರೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದು 2019ರಿಂದ ಕಾನೂನಾಗಿದೆ.

ಮೂರನೆಯದು ನಮಗೆ ಒದಗಿದ ಸಂದರ್ಭ: ಲೈಸೆನ್ಸುದಾರರು ತೀರಿಕೊಂಡಿದ್ದಾರೆ, ಅಥವಾ ಲೈಸೆನ್ಸಿನ ಅವಧಿ ಮುಗಿದಿದೆ. ಆಸ್ತಿಯಂತೆ ಲೈಸೆನ್ಸು ತಾನಾಗಿ ಮಗನಿಗೆ ಇಳಿದು ಬರುವುದಿಲ್ಲ. 21ನೇ ಕಲಮಿನ ಪ್ರಕಾರ ಅಂಥ ಕೋವಿಯನ್ನು ಅನಾವಶ್ಯಕ ವಿಳಂಬ ಮಾಡದೆ ಹತ್ತಿರದ ಪೊಲೀಸ್ ಠಾಣೆಗೆ, ಇಲ್ಲವೇ ನಿಯಮಾನುಸಾರ ಲೈಸೆನ್ಸ್ ಪಡೆದ ಕೋವಿ ವ್ಯಾಪಾರಿಗೆ ಒಪ್ಪಿಸಬೇಕು. ಬರೆದುಕೊಡಬೇಕಾದ ಯಜಮಾನರೇ ಇಲ್ಲದ್ದರಿಂದ ಇಲ್ಲಿ ಅಧಿಕಾರ ಪತ್ರದ ಪ್ರಶ್ನೆಯೇ ಇಲ್ಲ. ಆದಕಾರಣ ನಮ್ಮ ಸಲಹೆ ಇಷ್ಟು. ಮೊದಲು ಠಾಣೆಗೆ ದೂರವಾಣಿ ಮಾಡಿರಿ. ಯಾರು, ಯಾವ ವಾಹನದಲ್ಲಿ, ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ ಬರುತ್ತೀರೆಂದು ತಿಳಿಸಿರಿ. ತಾವೇ ಬಂದು ಪಡೆಯುತ್ತೇವೆಂದು ಅವರು ಹೇಳಿದರೆ ಕಾಯಿರಿ. ತರಲು ಹೇಳಿದರೆ ಮರಣ ಪ್ರಮಾಣಪತ್ರ, ಹಳೆಯ ಲೈಸೆನ್ಸು ಎರಡನ್ನೂ ಹಿಡಿದು ಮನೆಯಿಂದ ನೇರವಾಗಿ ಠಾಣೆಗೇ ಹೋಗಿರಿ. ನಡುವೆ ಮೆಣಸಿನ ಮಂಡಿ ಬೇಡ, ಬ್ಯಾಂಕು ಬೇಡ, ಕಾಫಿಗೆಂದು ಹೋಟೆಲೂ ಬೇಡ. ಕೋವಿಯ ನಂಬರು, ಸ್ಥಿತಿ, ತೋಟಾಗಳ ಎಣಿಕೆ ಬರೆದ ರಸೀದಿ ಇಲ್ಲದೆ ಹಿಂದಿರುಗಬೇಡಿರಿ. ನಂತರ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಕೋರಿ ಅರ್ಜಿ ಹಾಕಬಹುದು.

ಯಜಮಾನರು ಬದುಕಿರುವಾಗಲೇ ಇದಕ್ಕೊಂದು ದಾರಿಯಿದೆ. 2016ರ ನಿಯಮಗಳ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷವಾದಾಗ, ಅಥವಾ ಕೋವಿ ಅವರಲ್ಲಿ 25 ವರ್ಷ ಇದ್ದ ಮೇಲೆ, ಕಾನೂನುಬದ್ಧ ವಾರಸುದಾರರ ಹೆಸರಿಗೆ ಲೈಸೆನ್ಸು ಕೇಳಬಹುದು. ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿ ಬಹಳ ವರ್ಷಗಳಾಗಿದ್ದವು. ನಾವು ಕೇಳಲಿಲ್ಲ, ಸದಸ್ಯರು ಕೇಳಿಕೊಳ್ಳಲಿ.

ಕಾಡಿನ ದಾರಿ

ಕಳಸದ ಕಡೆಯ ಸದಸ್ಯರು ಕಾರ್ಕಳ, ಮಂಗಳೂರಿಗೆ ಕುದುರೆಮುಖದ ಮೇಲೆ ಇಳಿಯುವುದು ವಾಡಿಕೆ. ಆದರೆ ಆ ರಸ್ತೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹಾದುಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 31ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಪೂರ್ವಾನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧದೊಂದಿಗೆ ಪ್ರವೇಶಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಅನ್ವಯ. ಪೊಲೀಸರ ಲೈಸೆನ್ಸು ಸರಿಯಿದ್ದರೂ ಅರಣ್ಯದ ಗೇಟಿನಲ್ಲಿ ಅದು ನಡೆಯದು. ಭದ್ರಾ ಅಭಯಾರಣ್ಯದ ಮುತ್ತೋಡಿ ಕಡೆಗೂ ಇದೇ ಮಾತು. ಕೋವಿ ಜೊತೆಯಲ್ಲಿದ್ದ ದಿನ ದಾರಿ ಬಳಸಾದರೂ ಉದ್ಯಾನದ ಹೊರಗಿನ ರಸ್ತೆಯನ್ನೇ ಹಿಡಿಯಿರಿ. ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂಬ 34ನೇ ಕಲಮನ್ನೂ ಮರೆಯಬಾರದು.

ಕೊಡಗಿನಲ್ಲಿ ನೆಂಟರಿರುವ ಕೆಲವರು, “ಅವರಿಗಿಲ್ಲದ ಲೈಸೆನ್ಸು ನಮಗೇಕೆ?” ಎನ್ನುವುದುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಹಳೆಯದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಅದು ಆ ಜನಕ್ಕೆ, ಆ ಹಿಡುವಳಿಗೆ ಸೇರಿದ್ದು. ಕಾಫಿ ಬೆಳೆಗೆ ಸೇರಿದ್ದಲ್ಲ.

ಚುನಾವಣೆಯ ಕಾಲ

2024ರ ಲೋಕಸಭಾ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಯಿತು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಕೋವಿ ಒಪ್ಪಿಸಿದವರ ತೋಟಕ್ಕೆ ಹಲಸು ಹಣ್ಣಾಗುವ ಹೊತ್ತಿನಲ್ಲಿಯೇ ಕೋವಿ ಇಲ್ಲದಾಯಿತು. ಆನೆ ಬರುವುದೂ ಆಗಲೇ. ಈ ಅಳಲನ್ನು ನಾವು ಬಲ್ಲೆವು. ಜಿಲ್ಲಾ ಪರಿಶೀಲನಾ ಸಮಿತಿಗೆ ಬೆಳೆ ರಕ್ಷಣೆಯ ಕಾರಣ ತೋರಿಸಿ ಮನವಿ ಕೊಡುವುದೇ ಇದಕ್ಕಿರುವ ದಾರಿ. ಒಪ್ಪಿಸಲೇಬೇಕಾದರೆ ಲೈಸೆನ್ಸುದಾರರು ಸ್ವತಃ ಹೋಗಿರಿ. ಠಾಣೆಗೆ ಠೇವಣಿ ಇಡುವುದು ಅಧಿಕಾರ ಪತ್ರದ ಮೂರು ಉದ್ದೇಶಗಳ ಪಟ್ಟಿಯಲ್ಲಿಲ್ಲ. ಹಾಸಿಗೆ ಹಿಡಿದವರು ಠಾಣೆಗೆ ಮೊದಲೇ ತಿಳಿಸಿ ಅವರು ಹೇಳಿದಂತೆ ಮಾಡಿರಿ.

ವಾಹನದಲ್ಲಿ ಇಡುವ ಕ್ರಮ

ಕೋವಿ ಖಾಲಿ ಇರಬೇಕು. ತೋಟಾ ಕೋವಿಯಾದರೆ ನಳಿಗೆ ಮಡಿಸಿ ಕಣ್ಣಿನಿಂದ ನೋಡಿಯೇ ಖಾತ್ರಿ ಮಾಡಿಕೊಳ್ಳಿರಿ. ಕೇಪಿನ ಕೋವಿಯದು ದೊಡ್ಡ ಅಪಾಯ. ಮದ್ದು ಜಡಿದಿಟ್ಟು, ಕೇಪು ತೆಗೆದರೆ ಸಾಕೆಂದು ನಮ್ಮವರು ತಿಳಿಯುತ್ತಾರೆ. ನಳಿಗೆಯಲ್ಲಿ ಮದ್ದು ಇರುವವರೆಗೆ ಅದು ತುಂಬಿದ ಕೋವಿಯೇ. ನಮ್ಮ ಮಣ್ಣಿನ ರಸ್ತೆಗಳಲ್ಲಿ ಜೀಪು ಎಷ್ಟು ಎಗರುತ್ತದೆಂದು ಹೇಳಬೇಕಾಗಿಲ್ಲ. ಬರಿದು ಮಾಡದ ಕೋವಿಯನ್ನು ವಾಹನಕ್ಕೆ ಹತ್ತಿಸಲೇಬಾರದು.

ಕೋವಿ ಅದರದೇ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲೇ ಇರಬೇಕು. ಸಾರ್ವಜನಿಕ ಸ್ಥಳದ ಬಗ್ಗೆ 2016ರ ನಿಯಮವೂ ಇದನ್ನೇ ಹೇಳುತ್ತದೆ. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಜಾಗದಲ್ಲಿರಲಿ. ಪಿಸ್ತೂಲು, ರಿವಾಲ್ವರ್ ಇರುವ ಕೆಲವೇ ಸದಸ್ಯರಿಗೆ ಒಂದು ಮಾತು: ಅದನ್ನು ಮುಚ್ಚಿದ ಚರ್ಮದ ಒರೆಯಲ್ಲಿ ತಮ್ಮ ಬಳಿಯೇ ಇಟ್ಟುಕೊಳ್ಳಿರಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ಊಟಕ್ಕೆ ಹೋದರೆ ಹತೋಟಿ ತಪ್ಪಿದಂತೆಯೇ. ಕಾರಿಗೆ ಕನ್ನ ಹಾಕುವವನಿಗೆ ಅದಕ್ಕಿಂತ ಒಳ್ಳೆಯ ಗಂಟು ಬೇಕೆ?

ತಪಾಸಣೆಗೆ ನಿಲ್ಲಿಸಿದರೆ, ಅವರು ಹುಡುಕಿ ತೆಗೆಯುವ ಮೊದಲೇ “ವಾಹನದಲ್ಲಿ ಕೋವಿ ಇದೆ, ಖಾಲಿ ಇದೆ, ಕಾಗದ ಇಲ್ಲಿದೆ” ಎಂದು ಹೇಳಿಬಿಡಿರಿ. ಕೋವಿಗೆ ಕೈ ಹಾಕಬೇಡಿರಿ, ಕಾಗದ ಕೊಡಿರಿ. ಮುಚ್ಚಿ ಒಯ್ಯುವುದು ಬೇರೆ, ಬಚ್ಚಿಟ್ಟು ಒಯ್ಯುವುದು ಬೇರೆ. ಇದನ್ನು ನಾವು ಠಾಣೆಯ ಬೆಂಚಿನ ಮೇಲೆ ಅರ್ಧ ದಿನ ಕುಳಿತು ಕಲಿತೆವು.

ತಂದೆಯವರ ಕೋವಿ ಈಗ ಕ್ರಮಬದ್ಧವಾಗಿ ನಮ್ಮ ಹೆಸರಿನಲ್ಲಿದೆ. ಲೈಸೆನ್ಸಿನ ಅವಧಿ ಮುಗಿಯುವ ಎರಡು ತಿಂಗಳ ಹಿಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ. ಸದಸ್ಯರೂ ಇಂದೇ ತಮ್ಮ ಪುಸ್ತಕ ತೆಗೆದು ತಾರೀಖು ನೋಡಬೇಕೆಂದು ವಿನಂತಿ. ಅಧಿಕಾರ ಪತ್ರದ ಮಾದರಿಯನ್ನು ಅಚ್ಚು ಹಾಕಿಸಿ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಗೊಬ್ಬರಕ್ಕೆ ಬಂದಾಗ ಒಂದು ಪ್ರತಿ ಒಯ್ಯಿರಿ. ಬಾಗಿಲ ಬಳಿ ನಿಂತು ದನಿ ತಗ್ಗಿಸಬೇಕಾಗಿಲ್ಲ. ಒಳಗೆ ಬಂದು ಕುಳಿತೇ ಕೇಳಿರಿ.