ಕಿತ್ತಳೆ ಮೈಲಿಗಲ್ಲಿನ ದಾರಿಗಳು

ಕೋಲಾರ ಜಿಲ್ಲೆಯಲ್ಲಿ ಸೈಕಲ್ ಹತ್ತಿ ಹೊರಟವರು ಮೊದಲು ನೋಡಬೇಕಾದದ್ದು ರಸ್ತೆ ಬದಿಯ ಮೈಲಿಗಲ್ಲಿನ ತಲೆಯನ್ನು. ಅದಕ್ಕೆ ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ ಎಂದರ್ಥ. ಅದು ಲಾರಿ, ಕಂಟೇನರ್ ಮತ್ತು ತಿರುಪತಿ ಬಸ್ಸುಗಳ ರಾಜ್ಯ. ಹಸಿರಿದ್ದರೆ ರಾಜ್ಯ ಹೆದ್ದಾರಿ. ಅಂಚು ಹಿಡಿದು ಹುಷಾರಾಗಿ ಸಾಗಬಹುದು. ಕಿತ್ತಳೆ ಬಣ್ಣ ಕಂಡರೆ ಗ್ರಾಮೀಣ ರಸ್ತೆ. ಸಾಮಾನ್ಯವಾಗಿ 3.75 ಮೀಟರ್ ಅಗಲದ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಮಣ್ಣಿಗಿಳಿಯಲೇಬೇಕಾದ ಈ ದಾರಿಗಳೇ ಸೈಕಲ್ ಸವಾರರ ಪಾಲಿನ ನಿಜವಾದ ಸೊತ್ತು.

ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು, ನಂಗಲಿ ದಾಟಿ ಆಂಧ್ರದ ಕಡೆಗೆ ಓಡುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕಾರಿನ ಗಾಜಿನಾಚೆ ಕಾಣುವ ಜಿಲ್ಲೆ ಬೇರೆ. ನರಸಾಪುರದ ಕಾರ್ಖಾನೆಗಳು, ಟೋಲ್, ಬೋಳು ಬೆಟ್ಟ, ಅಷ್ಟೇ. ಅದೇ ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಕ್ಕೆ ತಿರುಗಿದರೆ ಹಿಪ್ಪುನೇರಳೆ ತೋಟ, ರಾಗಿ ಹೊಲ, ಕೆರೆ ಕಟ್ಟೆ, ಹೊಂಗೆ ನೆರಳು ಸಿಗುತ್ತವೆ.

ಇಂಥ ಒಳದಾರಿಗಳನ್ನು ಸೈಕಲ್‌ಗಾಗಿ ಹುಡುಕಿ, ಗುರುತಿಸಿ, ಕಾಪಾಡುವ ಕೆಲಸದಲ್ಲಿ ಇಂಗ್ಲೆಂಡ್ ಬಹಳ ಮುಂದಿದೆ. ಅಲ್ಲಿನ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಹುಟ್ಟಿದ್ದು 1878ರಲ್ಲಿ. 1977ರಲ್ಲಿ ಬ್ರಿಸ್ಟಲ್ ನಗರದಲ್ಲಿ ಆರಂಭವಾದ ಗುಂಪೊಂದು ಮುಂದೆ ಸಸ್ಟ್ರಾನ್ಸ್ ಎಂಬ ಸಂಸ್ಥೆಯಾಗಿ ಬೆಳೆದು, ದೇಶವಿಡೀ ಹರಡಿದ ಸೈಕಲ್ ಮಾರ್ಗಗಳ ಜಾಲವನ್ನು ರೂಪಿಸಿತು. 1994ರಲ್ಲಿ ತೆರೆದ ‘ಸೀ ಟು ಸೀ’ ಮಾರ್ಗ ಪಶ್ಚಿಮ ಕಡಲಿನಿಂದ ಪೂರ್ವ ಕಡಲಿಗೆ ಬೆಟ್ಟ, ಹಳ್ಳಿಗಳ ನಡುವೆ ಸುಮಾರು 225 ಕಿ.ಮೀ. ಸಾಗುತ್ತದೆ. 2000ದ ಸಾರಿಗೆ ಕಾಯ್ದೆಯಂತೂ ಹಳ್ಳಿಯ ಓಣಿಗಳನ್ನು ‘ಕ್ವಯಟ್ ಲೇನ್’ ಎಂದು ಘೋಷಿಸುವ ಅಧಿಕಾರವನ್ನು ಸ್ಥಳೀಯ ಆಡಳಿತಕ್ಕೇ ಕೊಟ್ಟಿತು. ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು ಮತ್ತು ಕಾರುಗಳು ಅಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಹೋಗಬೇಕೆಂಬುದು ಅದರ ಆಶಯ.

ಕೋಲಾರದಲ್ಲಿ ಅಂಥ ಘೋಷಣೆ, ಫಲಕ ಯಾವುದೂ ಇಲ್ಲ. ಆದರೆ ದಾರಿಗಳಿವೆ. ಅವು ಇರುವುದಕ್ಕೆ ಕಾರಣ ಕೆರೆಗಳು. ವರ್ಷವಿಡೀ ಹರಿಯುವ ನದಿಯಿಲ್ಲದ, ಸರಾಸರಿ 750 ಮಿ.ಮೀ. ಆಸುಪಾಸು ಮಳೆಯ ಈ ಸೀಮೆಯಲ್ಲಿ ಹಿಂದಿನವರು ಹಳ್ಳಕ್ಕೊಂದು ಕಟ್ಟೆ ಹಾಕಿ ನೀರು ನಿಲ್ಲಿಸಿದರು. ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚಿನ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಒಂದರ ಕೋಡಿ ನೀರು ಕೆಳಗಿನ ಇನ್ನೊಂದಕ್ಕೆ ಸೇರುವ ಸರಣಿ ಅದು. ಊರು ಹುಟ್ಟಿದ್ದು ಕೆರೆಯ ಪಕ್ಕದಲ್ಲಿ. ಊರಿಂದೂರಿಗೆ ದಾರಿ ಬೆಳೆದದ್ದು ಕಟ್ಟೆಯ ಮೇಲೆ. ಹಾಗಾಗಿ ಕಿತ್ತಳೆ ಕಲ್ಲಿನ ರಸ್ತೆ ಇಲ್ಲಿ ನೇರವಾಗಿ ಹೋಗುವುದೇ ಅಪರೂಪ. ಕೆರೆಯ ಬೆನ್ನು ಬಳಸಿ, ತೂಬಿನ ಬಳಿ ಇಳಿದು, ಗದ್ದೆ ಬಯಲು ದಾಟಿ, ಮತ್ತೆ ಸಣ್ಣ ಏರು ಹತ್ತುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿನ ಪ್ರಸ್ಥಭೂಮಿಯಾದ್ದರಿಂದ ಬೆಳಗಿನ ಗಾಳಿಯೂ ತಂಪು.

ಈ ರಸ್ತೆಗಳು ವಿಹಾರಕ್ಕೆಂದು ಹುಟ್ಟಿದವಲ್ಲ. ಹಾಲು, ಟೊಮೆಟೊ, ಮಾವು, ರೇಷ್ಮೆಗೂಡು ಸಾಗಿಸುವ ದುಡಿಮೆಯ ರಸ್ತೆಗಳಿವು. ಆದ್ದರಿಂದ ಇಲ್ಲಿ ‘ಯಾವ ರಸ್ತೆ ಸದ್ದಿಲ್ಲದ್ದು’ ಎಂದು ಕೇಳಿದರೆ ಸಾಲದು, ಯಾವ ತಿಂಗಳು, ಎಷ್ಟು ಹೊತ್ತಿಗೆ ಎಂದೂ ಕೇಳಬೇಕು. ಬೆಳಿಗ್ಗೆ ಡೈರಿ ಮುಂದೆ ಕ್ಯಾನುಗಳ ಸಾಲು. ಮಳೆಗಾಲದಲ್ಲಿ ಕೋಲಾರ ಎಪಿಎಂಸಿಗೆ, ಮುಳಬಾಗಿಲಿನ ವಡ್ಡಹಳ್ಳಿ ಮಾರುಕಟ್ಟೆಗೆ ಟೊಮೆಟೊ ಕ್ರೇಟು ಹೊತ್ತ ಟೆಂಪೊಗಳ ಓಟ. ಈ ಲೆಕ್ಕ ತಿಳಿದವರಿಗೆ ಜಿಲ್ಲೆಯ ಯಾವ ಮೂಲೆಯಲ್ಲೂ ಖಾಲಿ ರಸ್ತೆ ಸಿಗುತ್ತದೆ.

ಏರು ಬೇಕೆನ್ನುವವರಿಗೆ ಕೋಲಾರ ಪಟ್ಟಣದ ಬೆನ್ನಿಗೇ ಶತಶೃಂಗ ಬೆಟ್ಟಸಾಲಿದೆ. ಬಸವನ ಬಾಯಿಂದ ನೀರು ಹರಿಯುವ ಅಂತರಗಂಗೆಗೆ ಮೆಟ್ಟಿಲು ಹತ್ತಿ ಹೋಗಬೇಕು. ಸೈಕಲ್ಲಿಗಿರುವುದು ತೇರಹಳ್ಳಿಯ ರಸ್ತೆ. ಒಂದರ ಮೇಲೊಂದು ಪೇರಿಸಿದಂತಿರುವ ಇಲ್ಲಿನ ಬಂಡೆಗಳನ್ನು ಜ್ವಾಲಾಮುಖಿಯ ಉಗುಳು ಎಂದು ಹೇಳುವವರಿದ್ದಾರೆ. ನಿಜದಲ್ಲಿ ಇವು ಕೋಟ್ಯಂತರ ವರ್ಷಗಳ ಗಾಳಿ, ಮಳೆ, ಬಿಸಿಲಿಗೆ ಬಿರಿದು ದುಂಡಗಾದ ಹಳೆಯ ಗ್ರಾನೈಟ್ ಶಿಲೆಗಳು. ಮೇಲೆ ತಲುಪಿದರೆ ಬೆಟ್ಟದ ನೆತ್ತಿಯಲ್ಲೇ ಹಳ್ಳಿಗಳು, ಹೊಲಗಳು. ಲೇಖಕ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರವೂ ಇಲ್ಲಿದೆ. ಅಲ್ಲಿನ ‘ಹುಣ್ಣಿಮೆ ಹಾಡು’ ಕಾರ್ಯಕ್ರಮ ಜಿಲ್ಲೆಯಾಚೆಗೂ ಹೆಸರಾಗಿದೆ.

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಈ ಮೂರೂ ಸೇರಿದರೆ ಸೈಕಲ್ಲಿಗೆ ಹೇಳಿ ಮಾಡಿಸಿದ ತ್ರಿಕೋನ. ಪ್ರತಿ ಬದಿಯೂ ಸುಮಾರು 25ರಿಂದ 30 ಕಿ.ಮೀ. ರೂಢಿಯಿದ್ದವರು ಒಂದೇ ದಿನದಲ್ಲಿ ಸುತ್ತಬಹುದು. ಇಲ್ಲದವರು ಮುಳಬಾಗಿಲಿನಲ್ಲಿ ತಂಗಬಹುದು.

ಶ್ರೀನಿವಾಸಪುರದ ಕಡೆ ತಿರುಗಿದೊಡನೆ ರಸ್ತೆಯ ಎರಡೂ ಬದಿ ಮಾವಿನ ತೋಪು. ತೋತಾಪುರಿ, ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ನೀಲಂ ಹೀಗೆ ತಳಿಗಳ ಪಟ್ಟಿ ಉದ್ದವಿದೆ. ಜನವರಿ, ಫೆಬ್ರುವರಿಯಲ್ಲಿ ಮರಗಳು ಹೂ ಬಿಟ್ಟಾಗ ಈ ದಾರಿಗಳಲ್ಲಿ ತುಳಿಯುವುದೇ ಸುಖ. ಹೂವಿನ ಕಂಪಿನ ನಡುವೆ ಔಷಧಿ ಹೊಡೆಯುವ ಯಂತ್ರದ ಘಾಟೂ ಆಗಾಗ ಮೂಗಿಗೆ ಬಡಿಯುತ್ತದೆ. ಮೇ ಕೊನೆಯಿಂದ ಜುಲೈವರೆಗೆ ಚಿತ್ರ ಪೂರ್ತಿ ಬದಲು. ಕಾಯಿ ತುಂಬಿದ ಟ್ರ್ಯಾಕ್ಟರುಗಳು ಹಗಲಿರುಳು ಮಂಡಿಗೆ ಸಾಗುತ್ತವೆ, ಅಲ್ಲಿಂದ ಲಾರಿಗಳು ಆಂಧ್ರದ ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ ಇಲ್ಲಿನ ಬೆಳೆಗಾರರು ಬೀದಿಗಿಳಿದದ್ದನ್ನು ನೆನೆದರೆ, ಈ ಸಣ್ಣ ರಸ್ತೆಗಳ ಮೇಲೆ ಎಷ್ಟು ಬದುಕು ನಿಂತಿದೆಯೆಂದು ತಿಳಿದೀತು. ಉತ್ತರದ ರಾಯಲ್ಪಾಡು, ಗೌನಿಪಲ್ಲಿ ಕಡೆ ಸಾಗಿದಂತೆ ಮಾತು ತೆಲುಗಿಗೆ ಹೊರಳುತ್ತದೆ. “ಅಣ್ಣಾ, ಈ ದಾರಿ ಎಲ್ಲಿಗೆ ಹೋಗುತ್ತೆ?” ಎಂದು ಕನ್ನಡದಲ್ಲಿ ಕೇಳಿದರೆ ಎರಡೂ ಭಾಷೆ ಬೆರೆಸಿದ ಉತ್ತರ ಬರುತ್ತದೆ, ಜೊತೆಗೆ ಕುಡಿಯಲು ನೀರೂ.

ಮುಳಬಾಗಿಲು ತಾಲ್ಲೂಕಿನಲ್ಲಿ ಪ್ರತಿ ಹತ್ತು ಹದಿನೈದು ಕಿಲೋಮೀಟರಿಗೆ ಇಳಿದು ನೋಡಲೇಬೇಕಾದ ಒಂದು ತಾಣವಿದೆ. ಪಟ್ಟಣದಿಂದ ಸುಮಾರು 10 ಕಿ.ಮೀ. ದೂರದ ಕುರುಡುಮಲೆಯಲ್ಲಿ ಆಳೆತ್ತರವನ್ನೂ ಮೀರಿದ ಏಕಶಿಲೆಯ ಗಣಪ, ಅಲ್ಲೇ ಹತ್ತಿರದಲ್ಲಿ ಸೋಮೇಶ್ವರ ಗುಡಿ. ಇನ್ನೊಂದು ದಿಕ್ಕಿನ ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ಒಂದೇ ಪ್ರಾಕಾರದಲ್ಲಿವೆ. ಹಿಂದಿನ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಲವಕುಶರು ಹುಟ್ಟಿದ್ದು ಅಲ್ಲೇ ಎಂಬುದು ಊರವರ ನಂಬಿಕೆ. ಶಿವರಾತ್ರಿಯ ಹೊತ್ತಿಗೆ ಇಲ್ಲಿ ದನಗಳ ಜಾತ್ರೆ ಕೂಡುತ್ತದೆ. ಆಗ ಸೈಕಲ್ ಇಳಿದು ತಳ್ಳಿಕೊಂಡೇ ಹೋಗಬೇಕು. ಪಟ್ಟಣದ ಪಕ್ಕದಲ್ಲಿ ಶ್ರೀಪಾದರಾಜರ ಮಠವಿದೆ. ಡಿ.ವಿ.ಜಿ. 1887ರಲ್ಲಿ ಹುಟ್ಟಿದ ಊರೂ ಇದೇ. ಇಷ್ಟೆಲ್ಲ ಸುತ್ತಿ ಬಂದವರಿಗೆ ತುಪ್ಪದಲ್ಲಿ ಬೆಂದ ಮುಳಬಾಗಿಲು ದೋಸೆ ಎರಡು ಸಾಲುವುದಿಲ್ಲ.

ಮಾಲೂರಿನ ಚಹರೆ ಬೇರೆ. ಜೇಡಿಮಣ್ಣಿನ ಈ ತಾಲ್ಲೂಕು ಹಂಚು, ಇಟ್ಟಿಗೆಗೆ ಹೆಸರುವಾಸಿ, ಗೂಡುಗಳ ಚಿಮಣಿ ದೂರದಿಂದಲೇ ಕಾಣುತ್ತವೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರಾಗಿ ಹೊಲಗಳನ್ನು ನುಂಗಿದ ನೀಲಗಿರಿ ತೋಪುಗಳು ಇಂದಿಗೂ ರಸ್ತೆಗಳ ಬದಿಗಿವೆ. ಅಂತರ್ಜಲ ಹೀರುತ್ತದೆಂಬ ದೂರಿನ ಮೇಲೆ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬಂಗಾರಪೇಟೆಯ ದಿಕ್ಕಿಗೆ ಟೇಕಲ್‌ನ ಕಲ್ಲುಬೆಟ್ಟಗಳು, ಇನ್ನೊಂದೆಡೆ ಚಿಕ್ಕತಿರುಪತಿ, ದಕ್ಷಿಣಕ್ಕೆ ಮಾಸ್ತಿ ಗ್ರಾಮ. ಜ್ಞಾನಪೀಠ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಹೆಸರಿನೊಡನೆ ಸೇರಿಕೊಂಡ ಊರು ಅದು. ಶನಿವಾರ ಚಿಕ್ಕತಿರುಪತಿಯ ದಾರಿಯಲ್ಲಿ ಭಕ್ತರ ವಾಹನಗಳು ಹೆಚ್ಚು. ಕಲ್ಲು ಕ್ವಾರಿಯ ಟಿಪ್ಪರುಗಳು ಓಡಾಡುವ ರಸ್ತೆಗಳನ್ನು ಯಾವ ದಿನವಾದರೂ ಬಿಡುವುದೇ ಒಳ್ಳೆಯದು.

ಕಳೆದ ಕೆಲವು ವರ್ಷಗಳಲ್ಲಿ ಕೆರೆ ಕಟ್ಟೆಯ ದಾರಿಗಳ ನೋಟವೇ ಬದಲಾಗಿದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ನೀರು, ಮೊದಲ ಹಂತದಲ್ಲಿ 126 ಕೆರೆ ಎಂಬುದು ಯೋಜನೆಯ ಲೆಕ್ಕ. ವರ್ಷಗಟ್ಟಲೆ ಜಾಲಿ ಬೆಳೆದಿದ್ದ ಅಂಗಳಗಳಲ್ಲಿ ನೀರು ನಿಂತಿದೆ, ಕೊಕ್ಕರೆಗಳು ಬಂದಿವೆ, ಕೊಳವೆಬಾವಿಗಳು ಚೇತರಿಸಿವೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂಬ ಹೋರಾಟಗಾರರ ಬೇಡಿಕೆ ನ್ಯಾಯಾಲಯದವರೆಗೂ ಹೋಗಿದೆ. ಕಟ್ಟೆಯ ಮೇಲೆ ನಿಂತು ಫೋಟೊ ತೆಗೆಯುವವರು ಬಾಟಲಿಗೆ ಮಾತ್ರ ಆ ನೀರು ತುಂಬಬಾರದು.

ಈ ದಾರಿಗಳಿಗೆ ತಮ್ಮದೇ ಕಾಟಗಳೂ ಉಂಟು. ಕಟ್ಟೆಗಳ ಮೇಲಿನ ಬಳ್ಳಾರಿ ಜಾಲಿಯ ಮುಳ್ಳು ಎಂಥ ದುಬಾರಿ ಟೈರನ್ನೂ ಬಿಡುವುದಿಲ್ಲ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಪ್ಯಾಚ್ ಸಿಗುತ್ತದೆ, ರೇಸಿಂಗ್ ಸೈಕಲ್ಲಿನ ಸಣ್ಣ ಪ್ರೆಸ್ಟಾ ವಾಲ್ವ್‌ಗೆ ಗಾಳಿ ತುಂಬುವ ಅಡಾಪ್ಟರ್ ಸಿಗುವುದು ಕಷ್ಟ. ಊರ ನಾಯಿಗಳು ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವುದಕ್ಕಿಂತ ಇಳಿದು, ಸೈಕಲ್ಲನ್ನು ಅಡ್ಡ ಹಿಡಿದು ನಡೆಯುವುದು ಮೇಲು. ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿನಲ್ಲಿ ನರಸಾಪುರ, ವೇಮಗಲ್ ಸುತ್ತಮುತ್ತ ಬಸ್ಸುಗಳ ಭರಾಟೆ ಇರುತ್ತದೆ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಬಳಸಿ ಬೇತಮಂಗಲದ ಕಡೆಗೆ ತೆರೆದಿರುವ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಸುಮಾರು 71 ಕಿ.ಮೀ. ನುಣುಪು ರಸ್ತೆ ಎಷ್ಟೇ ಆಸೆ ಹುಟ್ಟಿಸಿದರೂ ಅಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ.

ಇದೇ ದಾರಿಗಳಲ್ಲಿ ಹಿಂದೆ ಹೆಚ್ಚು ಸೈಕಲ್ ಓಡಿಸಿದವರು ಶಾಲೆಯ ಮಕ್ಕಳು. ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ 2006–07ರಲ್ಲಿ ಆರಂಭವಾಗಿ, ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಹಾಲಿನವರು ಆಗಲೇ ಟಿವಿಎಸ್ ಎಕ್ಸೆಲ್‌ಗೆ ಬದಲಾಗಿದ್ದರು. ಈಗ ಭಾನುವಾರ ಹೆಲ್ಮೆಟ್ ಹಾಕಿ ಬರುವ ಬೆಂಗಳೂರಿನವರನ್ನು ಬಿಟ್ಟರೆ ಸೈಕಲ್ ಕಾಣುವುದು ಕಡಿಮೆ.

ಹೊರಗಿನಿಂದ ಬರುವ ಈ ಸವಾರರಿಗೆ ಹೆಚ್ಚು ಎಚ್ಚರ ಬೇಕಾದದ್ದು ಸುಗ್ಗಿಯಲ್ಲಿ. ನವೆಂಬರ್‌ನಿಂದ ಜನವರಿವರೆಗೆ, ಹವೆ ತುಂಬ ಹಿತವಾಗಿರುವ ತಿಂಗಳುಗಳಲ್ಲೇ, ರೈತರು ರಾಗಿ ತೆನೆ, ಹುರುಳಿ ಬಳ್ಳಿಯನ್ನು ಟಾರಿನ ಮೇಲೆ ಹರಡುತ್ತಾರೆ. ವಾಹನಗಳ ಚಕ್ರವೇ ಒಕ್ಕಣೆ ಮಾಡುತ್ತದೆ. ಕಾರಿಗೆ ಇದು ಮೆತ್ತನೆ ಹಾಸು, ಸಣ್ಣ ಟೈರಿನ ಸೈಕಲ್ಲಿಗೆ ಜಾರುಬಂಡೆ. ಹುಲ್ಲು ಚೈನಿಗೆ ಸುತ್ತಿಕೊಂಡರೆ ಬಿಡಿಸಲು ಕಾಲು ಗಂಟೆ ಬೇಕು. ರೈತನಿಗೂ ಇದರಿಂದ ಸುಖವಿಲ್ಲ, ಕಾಳಿನ ಜೊತೆ ಕಲ್ಲುಮಣ್ಣು ಸೇರುತ್ತದೆ. ನರೇಗಾದಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳ ರಸ್ತೆಯಲ್ಲಿ ಇಬ್ಬರಿಗೂ ಆ ತಾಪತ್ರಯ ಕಡಿಮೆ.